ಏಳನೆಯ ಪತ್ರ

ವಾಷಿಂಗ್ಟನ್ನಿನಿಂದ ಬಂದ ಕಾಗದವನ್ನು ಮಾಲೀಕ ಪರ್ಡಿಯವರು ಓದಿ ಮುಗಿಸುವಷ್ಟರಲ್ಲಿ ವರ್ಲೀನ್ ಕುರ್ಚಿ ಎಳೆದುಕೊಂಡು ಕೂತುಬಿಟ್ಟಿದ್ದಳು. ಅರ್ಕನ್ಸಾಸಿನ ಆ ಪುಟ್ಟ ಊರಿನ ಬ್ಯೂಟಿ ಸ್ಕೂಲಿನಲ್ಲಿ ಅವಳು ಇಪ್ಪತ್ತಾರು ವರ್ಷದಿಂದ ಹುಡುಗಿಯರಿಗೆ ಕೂದಲ ಕೆಲಸ ಕಲಿಸುತ್ತಿದ್ದಳು. ಒಂದು ಕಾಗದಕ್ಕೆ ಹೀಗೆ ಹೆದರಿದ್ದು ಇದೇ ಮೊದಲು.

ಹೊಸ ನಿಯಮ ಸರಳವಾಗಿತ್ತು. ಇಲ್ಲಿ ಕಲಿತು ಹೋದವರು, ಬರೀ ಹೈಸ್ಕೂಲು ಮುಗಿಸಿದವರಿಗಿಂತ ಹೆಚ್ಚು ದುಡಿಯುತ್ತಿರಬೇಕು. ಇಲ್ಲವಾದರೆ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆ ಕೊಡುವ ನೆರವು ನಿಂತುಹೋಗುತ್ತದೆ. ಆ ನೆರವಿಲ್ಲದೆ ಫೀಸು ಕಟ್ಟುವವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ನೆರವು ನಿಂತರೆ ಶಾಲೆಗೆ ಬೀಗವೇ ಗತಿ.

ದುಡಿಮೆಯನ್ನು ಸರ್ಕಾರ ನೋಡುವುದು ತೆರಿಗೆಯ ದಾಖಲೆಯಲ್ಲಿ; ನಾಲ್ಕು ವರ್ಷದ ಹಿಂದೆ ಪಾಸಾದ ತಂಡದ ದಾಖಲೆ ನೋಡಿ, ಇವರ ದುಡಿಮೆ ಸಾಲದು ಎಂದು ಕಾಗದ ಬರೆದಿತ್ತು. ಎಡವಟ್ಟಾಗಿದ್ದು ಅಲ್ಲೇ. ಈ ಕಸುಬಿನಲ್ಲಿ ಅರ್ಧ ಸಂಪಾದನೆ ಗಿರಾಕಿಗಳು ಕೈಗಿಡುವ ಟಿಪ್ಸು, ಶನಿವಾರ ತಮ್ಮ ಅಡುಗೆಮನೆಯಲ್ಲಿ ಕೂರಿಸಿಕೊಂಡು ಹೆಣೆದ ಜಡೆಗಳದ್ದು. ಅದನ್ನು ಯಾರೂ ತೋರಿಸುವುದಿಲ್ಲ. ತೋರಿಸಬೇಡಿ ಎಂದು ಪ್ರತಿ ತಂಡಕ್ಕೂ ಮೂರನೆಯ ವಾರದಲ್ಲಿ, ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ಹೇಳಿಕೊಟ್ಟವಳು ಸಾಕ್ಷಾತ್ ವರ್ಲೀನಳೇ. ಪರ್ಡಿಯವರಿಗೆ ಇದು ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದವರಂತೆ ಇದ್ದರು.

"ಮೇಲ್ಮನವಿಗೆ ಒಂದು ದಾರಿ ಇದೆ," ಎಂದರು ಅವರು. "ಆ ವರ್ಷ ಪಾಸಾದ ಹನ್ನೆರಡು ಜನರಲ್ಲಿ ಏಳು ಜನ ತಮ್ಮ ನಿಜವಾದ ಸಂಪಾದನೆ ಬರೆದು ಸಹಿ ಹಾಕಿ ಕೊಡ್ಬೇಕು. ನೀವು ಕೇಳಿದ್ರೆ ಹುಡುಗೀರು ಇಲ್ಲ ಅನ್ನಲ್ಲ."

ಅವರು ಇಲ್ಲ ಎಂದರು. ಕೆಶಾಂಡ ಎಂಬವಳಂತೂ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು. "ಮಿಸ್ ವರ್ಲೀನ್, ತೋರಿಸ್ಬೇಡ ಅಂತ ಕಲಿಸಿದ್ದೂ ನೀವೇ, ಈಗ ತೋರ್ಸು ಅಂತಿರೋದೂ ನೀವೇ! ತೆರಿಗೆಯೋರು ಮನೆ ಬಾಗ್ಲಿಗೆ ಬಂದ್ರೆ ಅವರಿಗೂ ಒಂದು ಜಡೆ ಹಾಕಿ ಕಳಿಸ್ಲಾ?"

ಗೋಗರೆದು, ಬೈಸಿಕೊಂಡು, ಹತ್ತು ದಿನದಲ್ಲಿ ಆರು ಪತ್ರ ಕೂಡಿಸಿದಳು. ನಾಲ್ವರು ಖಡಾಖಂಡಿತ ಆಗುವುದಿಲ್ಲ ಎಂದರು. ಮೆಂಫಿಸಿಗೆ ಹೋದ ಒಬ್ಬಳ ನಂಬರು ಬದಲಾಗಿತ್ತು. ಉಳಿದದ್ದು ಒಂದೇ ಹೆಸರು, ರೆನೀಟ. ಅವಳು ವರ್ಲೀನಳ ಮಗಳು.

ಆ ನಂಬರನ್ನು ಮಾತ್ರ ಅವಳು ಒತ್ತಲಿಲ್ಲ. ರೆನೀಟಳ ಐದು ವರ್ಷದ ಮಗ ಡೆಕ್ಸ್ಟನ್ನನಿಗೆ ಉಬ್ಬಸ. ಅವನ ಔಷಧಿ, ಆಸ್ಪತ್ರೆ, ಉಸಿರಿನ ಯಂತ್ರ ಎಲ್ಲ ಸಿಗುತ್ತಿದ್ದದ್ದು ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ಕಾರ್ಡಿನಿಂದ. ತಾಯಿಯ ನಿಜವಾದ ಸಂಪಾದನೆ ಸರ್ಕಾರದ ಒಂದು ಮೇಜಿಗೆ ಗೊತ್ತಾದರೆ ಇನ್ನೊಂದು ಮೇಜಿಗೆ ಗೊತ್ತಾಗಲು ಎಷ್ಟು ಹೊತ್ತು? ಗೊತ್ತಾದ ದಿನವೇ ಕಾರ್ಡು ರದ್ದು.

ಮಾರನೆಯ ದಿನ ಜುನೆಟ್ಟ ಎಂಬ ವಿದ್ಯಾರ್ಥಿನಿ ಗೊಂಬೆಯ ತಲೆಗೆ ರೋಲರು ಸುತ್ತುತ್ತಾ ಕೇಳಿದಳು. "ಮಿಸ್ ವರ್ಲೀನ್, ಶಾಲೆ ಮುಚ್ತಾರಂತೆ, ಹೌದಾ? ಲೈಸೆನ್ಸಿಗೆ ನಂಗಿನ್ನೂ ಐನೂರು ಗಂಟೆ ಕಲಿಯೋದು ಬಾಕಿ ಇದೆ. ಇಷ್ಟು ದಿನ ಕಲ್ತಿದ್ದು ನೀರಲ್ಲಿ ಹೋಮ ಆಗತ್ತಾ?"

"ಕೈ ನೋಡ್ಕೊಂಡು ಕೆಲಸ ಮಾಡು, ಕಂದ. ರೋಲರು ಸಡಿಲ ಇದೆ," ಎಂದಳು ವರ್ಲೀನ್. ಆ ಹುಡುಗಿಯ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಸೀದಾ ಪರ್ಡಿಯವರ ಕೋಣೆಗೆ ಹೋಗಿ, "ಆರೇ ಆಗಿದ್ದು ಸರ್. ಇನ್ಯಾರೂ ಒಪ್ತಿಲ್ಲ," ಎಂದು ಪಟ್ಟಿಯನ್ನು ಮೇಜಿನ ಮೇಲಿಟ್ಟು ಬಂದಳು. ನಾಚಿಕೆಯಾಯಿತು. ಭಯದ ಮುಂದೆ ನಾಚಿಕೆ ಎಷ್ಟರದು?

ಶುಕ್ರವಾರ ಮಧ್ಯಾಹ್ನ ಪರ್ಡಿಯವರು ತರಗತಿಗೇ ನುಗ್ಗಿದರು. ಆ ಭಾರೀ ಮೈಯಲ್ಲಿ ಅಷ್ಟು ಚುರುಕನ್ನು ಯಾರೂ ಕಂಡಿರಲಿಲ್ಲ.

"ಏಳಾಯ್ತು! ಏಳಾಯ್ತು ಕಣ್ರಮ್ಮಾ! ಪಟ್ಟಿಲಿ ಒಂದು ಹೆಸರಿನ ಮುಂದೆ ನೀವು ಏನೂ ಬರ್ದೇ ಇರ್ಲಿಲ್ಲ, ವರ್ಲೀನ್. ಮಗಳನ್ನ ಕೇಳೋಕೆ ಸಂಕೋಚವೇನೋ ಅಂತ ನಾನೇ ಫೋನ್ ಮಾಡ್ದೆ. ಇವತ್ತು ಬೆಳಿಗ್ಗೆ ಬಂದು ಕೊಟ್ಟೇ ಹೋದ್ಲು, ಚಿನ್ನದಂಥ ಹುಡುಗಿ. ಆಗಲೇ ಕಳಿಸಿಯೂ ಆಯ್ತು!"

ಹುಡುಗಿಯರು ಚಪ್ಪಾಳೆ ತಟ್ಟಿದರು. ಜುನೆಟ್ಟ ಅಳುತ್ತಾ ಬಂದು ವರ್ಲೀನಳನ್ನು ತಬ್ಬಿಕೊಂಡಳು. ವರ್ಲೀನ್ ಬಿಡಿಸಿಕೊಂಡು ಹಿತ್ತಲ ಬಾಗಿಲಿಗೆ ಹೋಗಿ ಮಗಳಿಗೆ ಫೋನು ಹಚ್ಚಿದಳು.

"ಏನಮ್ಮಾ ನೀನು, ನಂಗೊಂದು ಮಾತು ಹೇಳಬಾರ್ದಾಗಿತ್ತಾ?" ರೆನೀಟಳ ದನಿಯಲ್ಲಿ ಹುಸಿಮುನಿಸಿತ್ತು. "ನಿನ್ನ ಕೆಲಸ ಹೋಗೋದನ್ನ ನೋಡ್ಕೊಂಡು ಸುಮ್ನಿರ್ತೀನಾ? ಎಲ್ಲಾದ್ರೂ ಕಮ್ಮಿ ಬಿದ್ದೀತು ಅಂತ ಸ್ವಲ್ಪ ಜಾಸ್ತಿನೇ ಬರ್ದು ಕೊಟ್ಟೆ."

ವರ್ಲೀನ್ ಬೆನ್ನ ಹಿಂದಿನ ಬಾಗಿಲನ್ನು ಎಳೆದುಕೊಂಡಳು. ಒಳಗೆ ಹುಡುಗಿಯರು ಅವಳ ಹೆಸರು ಹಿಡಿದು ಕೂಗುತ್ತಿದ್ದರು.

"ಡೆಕ್ಸ್ಟನ್ನಂದು ಔಷಧಿ," ಎಂದಳು, "ಮನೇಲಿ ಎಷ್ಟು ದಿನಕ್ಕಿದೆ?"

"ಎರಡು ವಾರಕ್ಕಿದೆ. ಯಾಕಮ್ಮಾ?"