ಬಂದೂಕಿಗೆ ಅಕ್ರೋಟಿನ ಮರ

ಬೆಟ್ಟದೂರು ಅರ್ಸ್ಲಾನ್‌ಬಾಬ್‌ನ ಅಕ್ರೋಟು ಕಾಡಿನ ಗಾರ್ಡು ಬೇಯ್ಶೆನ್ ಹಾಡಹಗಲೇ ಬಡಗಿ ಎರ್ಗಶ್‌ನ ಅಂಗಳಕ್ಕೆ ಕುದುರೆ ನುಗ್ಗಿಸಿದಾಗ, ಎರ್ಗಶ್‌ಗೆ ಥಟ್ಟನೆ ನೆನಪಾದದ್ದು ಕೊಟ್ಟಿಗೆಯ ಹುಲ್ಲಿನ ಕೆಳಗಿದ್ದ ದಿಮ್ಮಿ. ಚಳಿಗಾಲದ ಗಾಳಿಗೆ ತಾನಾಗಿ ಉರುಳಿದ ಮರ ಅದು. ಆದರೇನು, ಅರಣ್ಯ ಇಲಾಖೆಗೆ ತಿಳಿಸದೆ ತಂದರೆ ಕಳ್ಳತನವೇ.

ಬೇಯ್ಶೆನ್ ಕಂಬಳಿಯಲ್ಲಿ ಸುತ್ತಿದ್ದ ಬಂದೂಕೊಂದನ್ನು ಜಗಲಿಯ ಮೇಲಿಟ್ಟ. ಯುದ್ಧಕಾಲದ ಫೌಜಿ ಬಂದೂಕು. ಯಾವನೋ ಬೇಟೆಗಾರ ಭಾರ ಕಡಿಮೆಯಾಗಲೆಂದು ನಳಿಗೆಗೆ ಆಸರೆಯಾಗಿದ್ದ ಮುಂದಿನ ಮರವನ್ನು ಗರಗಸದಲ್ಲಿ ಕೊಯ್ದು ಹಾಕಿದ್ದ. ನಳಿಗೆ ಪುಕ್ಕ ಕಿತ್ತ ಕೋಳಿಯ ಕತ್ತಿನಂತೆ ಚಾಚಿಕೊಂಡಿತ್ತು.

"ಉಸ್ತಾ, ಮುಂದಿನ ಮರ ಜೋಡಿಸ್ಬೇಕು, ನಳಿಗೆ ಮೇಲಿನ ಮುಚ್ಚಿಗೆನೂ ಹೊಸದಾಗಿ ಮಾಡ್ಬೇಕು. ಫೌಜಲ್ಲಿ ಹೆಂಗಿತ್ತೋ ಹಂಗೇ ಕಾಣ್ಬೇಕು."

"ಮರ ತಂದಿದ್ದೀರಾ ಬೇಯ್ಶೆನಣ್ಣ?"

"ನಾನ್ಯಾಕೆ ತರ್ಲಿ? ಅಕ್ರೋಟು ನಿನ್ನ ಮನೇಲೇ ಇರುತ್ತಲ್ಲ."

ಹಾಗೆನ್ನುತ್ತ ಅವನು ನೋಡಿದ್ದು ಕೊಟ್ಟಿಗೆಯ ಕಡೆಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಎರ್ಗಶ್‌ನ ಕಣ್ಣೂ ಅತ್ತಲೇ ಹೋಯಿತು.

"ನಮ್ಮನೇಲಿ ಎಲ್ಲಿಂದ ಬರ್ಬೇಕಣ್ಣ? ಹಿಪ್ಪುನೇರಳೆ ಇದೆ, ಅದ್ರಲ್ಲೇ ಮಾಡ್ಕೊಡ್ತೀನಿ."

"ಅದು ಬೇಡ. ಹುಡುಕು. ಮೂಲೆ ಮೂಲೆ ಚೆನ್ನಾಗಿ ಹುಡುಕು." ಬೇಯ್ಶೆನ್ ಯಾರೂ ಗುಂಡು ಹಾರಿಸದಂತೆ ಬಂದೂಕಿನ ಬೋಲ್ಟು ಕಳಚಿ ಜೇಬಿಗೆ ಹಾಕಿಕೊಂಡು ಕುದುರೆ ಹತ್ತಿದ.

ಒಳಗಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಡತಿ ಹೋಲ್‌ಬುವಿ ಹಿಟ್ಟಿನ ಕೈಯಲ್ಲೇ ಹೊರಬಂದಳು. "ಇಲಿಗೆ ಕೊಬ್ಬು ತೋರ್ಸಿ ಬೋನಿಡ್ತಿದಾನೆ ಕಣ್ರೀ. ನೀವು ಅಕ್ರೋಟು ಹೊರಗೆ ತೆಗೀತಿದ್ದಂಗೆ ಕೈ ಹಿಡೀತಾನೆ. ಹೋದ್ವರ್ಷ ಗರಗಸ ಕಿತ್ಕೊಂಡು ಹೋಗಿದ್ದು ಮರ್ತೋಯ್ತಾ?"

ಮರೆತಿರಲಿಲ್ಲ. ಅಂದೇ ದಿಮ್ಮಿಯನ್ನು ತುಂಡು ಮಾಡಿ ಕತ್ತೆಯ ಮೇಲೆ ಹೇರಿ, ಮೇಲೆ ಜೋಳದ ದಂಟು ಹೊದಿಸಿ, ಕೆಳಗಿನ ಹಳ್ಳಿಯಲ್ಲಿದ್ದ ಅವಳ ಅಕ್ಕನ ಮನೆಗೆ ಸಾಗಿಸಿದರು. ಆಮೇಲೆ ಎರ್ಗಶ್ ಕೊಟ್ಟಿಗೆಯ ಬಾಗಿಲ ಮೇಲಿದ್ದ ತೊಲೆಯನ್ನು ಇಳಿಸಿದ. ಅಜ್ಜ ಕೂರಿಸಿದ್ದ ಅಕ್ರೋಟು, ಒಣಗಿ ಕಬ್ಬಿಣವಾಗಿತ್ತು. ಅದಕ್ಕೆ ಯಾವ ಇಲಾಖೆ ಏನು ಕೇಳೀತು?

ಬಂದೂಕಿನ ಹಳೆಯ ಮರಕ್ಕೆ ಹೊಸದು ಕೂಡುವ ಜಾಗ ಕಬ್ಬಿಣದ ಪಟ್ಟಿಯ ಅಡಿಯಲ್ಲೇ ಅಡಗುವಂತೆ ಅಳತೆ ಹಿಡಿದು ಬೆಸೆದ. ನಳಿಗೆಗೆ ದೀಪದ ಮಸಿ ಬಳಿದು, ಮರದಲ್ಲಿ ಕೊರೆದ ತೋಡಿನೊಳಗೆ ಒತ್ತಿ, ಎತ್ತಿ, ಕಪ್ಪು ಹತ್ತಿದ ಕಡೆಯಲ್ಲೆಲ್ಲ ಉಳಿಯಿಂದ ಹೆರೆದ. ಮರ ನಳಿಗೆಯನ್ನು ಒಂದು ಪಕ್ಕಕ್ಕೆ ತಳ್ಳಿದರೂ ಗುಂಡು ಆ ಪಕ್ಕಕ್ಕೇ ಹೋಗುತ್ತದೆ. ಕೈ ಒಂದೇ ಸಮನೆ ಹೆರೆಯುತ್ತಿದ್ದರೆ ಕಿವಿ ಮಾತ್ರ ಗೊರಸಿನ ಸದ್ದಿಗೇ ಕಾದಿತ್ತು.

ಬೇಯ್ಶೆನ್ ಮತ್ತೆ ಬಂದ. ಚಹಾ ಕುಡಿದ, ಜರ್ದಾಳು ಅಗಿದ, ಅಂಗಳದ ಮೂಲೆಮೂಲೆಗೂ ಕಣ್ಣಾಡಿಸಿದ.

"ಏನಿದು, ಬಂದೂಕಿನ ಮರದಲ್ಲಿ ಮೊಳೆ ತೂತು?"

"ಕೊಟ್ಟಿಗೆ ತೊಲೆ ಅಣ್ಣ. ಬೇಕಾದ್ರೆ ಹೋಗಿ ನೋಡಿ, ಗೋಡೆ ಬಾಯ್ಬಿಟ್ಕೊಂಡಿದೆ."

"ಹೊಸ ಮರ ಸಿಗ್ಲಿಲ್ವಾ?"

"ಇದ್ರೆ ತಾನೇ."

ಬೇಯ್ಶೆನ್ ಮೀಸೆಯಡಿ ನಕ್ಕ. ಆ ನಗು ಎರ್ಗಶ್‌ನ ಎದೆಯಲ್ಲಿ ಮುಳ್ಳಿನಂತೆ ಚುಚ್ಚಿಕೊಂಡಿತು.

ಮರುದಿನ ಜಿಲ್ಲೆಯಿಂದ ಜೀಪು ಬಂತು. ಇಬ್ಬರು ಅಧಿಕಾರಿಗಳು, ಜೊತೆಗೆ ಕಲ್ಲುಮುಖದ ಬೇಯ್ಶೆನ್. ಹುಲ್ಲು ಕೆದಕಿದರು, ಅಟ್ಟ ಹತ್ತಿದರು, ರೊಟ್ಟಿ ಒಲೆಯ ಹಿಂದೆ ಇಣುಕಿದರು. ಬಂದೂಕಿನ ಮರವನ್ನು ಎತ್ತಿ ಮೊಳೆ ತೂತು ಕಂಡು, ಹಳೆಯ ಮರವೆಂದು ಕೆಳಗಿಟ್ಟರು. ಕೊನೆಗೆ ಬರಿಗೈಯಲ್ಲಿ ಹೊರಟರು.

ಜೀಪಿನ ದೂಳು ಅಡಗುವ ಮೊದಲೇ ಹೋಲ್‌ಬುವಿ ಹಿಂದುಳಿದಿದ್ದ ಬೇಯ್ಶೆನ್‌ನ ಮೇಲೆ ಎಗರಿದಳು. "ಉಂಡ ಮನೆಗೇ ಎರಡು ಬಗೀತೀಯಾ? ನೆನ್ನೆ ಕುಡ್ದ ಚಹಾ ಇನ್ನೂ ಅರಗಿಲ್ಲ!"

"ಅಯ್ಯೋ ತಾಯಿ, ಕೂಗ್ಬೇಡಿ! ಯಾರೋ ಮೇಲಿನೋರಿಗೆ ದೂರು ಕೊಟ್ಟಿದ್ರು. ಇವರು ಬರೋದು ನಂಗೆ ಗೊತ್ತಿತ್ತು. ಬಾಯ್ಬಿಟ್ಟು ಹೇಳಿದ್ರೆ ನನ್ನ ಕೆಲ್ಸ ಹೋಗುತ್ತೆ. ಅದಕ್ಕೇ ಬಂದೂಕಿನ ನೆಪ ಮಾಡ್ಕೊಂಡು ಬಂದೆ. ಮೂಲೆ ಮೂಲೆ ಹುಡುಕು ಅಂತ ಬಡ್ಕೊಂಡ್ನಲ್ಲ ಉಸ್ತಾ?"

"ಹಂಗಾದ್ರೆ ಹೋದ್ವರ್ಷ ಗರಗಸ ಯಾಕೆ ಕಿತ್ಕೊಂಡ್ರಿ?" ಎರ್ಗಶ್ ಕೇಳಿದ.

"ಆಗ ನೀನು ಹಸಿ ಮರ ಕಡೀತಿದ್ದೆ, ಕಿತ್ಕೊಂಡೆ. ಗಾಳಿಗೆ ಬಿದ್ದಿದ್ದಕ್ಕೆ ನೀನು ಜೈಲಿಗೆ ಹೋಗೋದು ಬೇಡ ಅನ್ನಿಸ್ತು."

"ದೂರು ಕೊಟ್ಟಿದ್ದು ಯಾರು?"

"ಅದು ನಿಂಗೆ ಬೇಡ."

ಎರ್ಗಶ್ ಮರಕ್ಕೆ ಅಗಸೆ ಎಣ್ಣೆಯ ಕೊನೆಯ ಕೈ ಉಜ್ಜಿ, ಪಟ್ಟಿಗಳನ್ನು ಸರಿಸಿ ಬಿಗಿದ. ಬೆಸುಗೆ ಎಲ್ಲೆಂದು ಬೇಯ್ಶೆನ್ ಬೆರಳಾಡಿಸಿ ಹುಡುಕಿದ, ಸಿಗಲಿಲ್ಲ. ಸಂತೋಷದಿಂದಲೇ ಬಂದೂಕನ್ನು ಹೆಗಲಿಗೇರಿಸಿಕೊಂಡು ಹೋದ.

"ನಾವು ಸಿಕ್ಕಿಬಿದ್ದಿದ್ರೆ ಸಾಹೇಬ, ಸಿಗ್ದಿದ್ರೆ ನೆಂಟ," ಎಂದಳು ಹೋಲ್‌ಬುವಿ.

ಎರ್ಗಶ್‌ಗೂ ಪೂರ್ತಿ ನಂಬಿಕೆ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಕೊರೆದದ್ದು ಆ ದೂರಿನ ಮಾತು. ಚಹಾಖಾನೆಯಲ್ಲಿ ಯಾರು ಸಲಾಮು ಹೇಳಿದರೂ ಇವನೇ ಇರಬಹುದೇ ಎನ್ನಿಸುತ್ತಿತ್ತು. ಜೊತೆಗೆ ಬೆಳೆದವರು ಕೊಟ್ಟ ರೊಟ್ಟಿಯನ್ನೂ ಮುಟ್ಟದೆ ಎದ್ದುಬರುತ್ತಿದ್ದ. ಇಡೀ ಬೇಸಿಗೆ ಹೀಗೇ ಕಳೆದ ಮೇಲೆ ಬಚ್ಚಿಡುವ ಬಾಳೇ ಅವನಿಗೆ ಸಾಕಾಗಿಹೋಯಿತು.

ಮುಂದಿನ ಚಳಿಗಾಲ ಮೇಲಿನ ಹಳ್ಳದ ಬಳಿ ಮತ್ತೊಂದು ಮರ ಉರುಳಿದಾಗ ಎರ್ಗಶ್ ಹಿಮ ತುಳಿದುಕೊಂಡು ನೇರ ಬೇಯ್ಶೆನ್‌ನ ಮನೆಗೇ ಹೋದ.

"ಅಣ್ಣ, ಒಂದು ಅಕ್ರೋಟು ಬಿದ್ದಿದೆ. ಇಲಾಖೆ ಲೆಕ್ಕಕ್ಕೆ ಬರ್ಕೊಳ್ಳಿ."

ಬೂಟು ಏರಿಸುತ್ತಿದ್ದ ಬೇಯ್ಶೆನ್ ಅಲ್ಲಿಗೇ ನಿಲ್ಲಿಸಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನೀನಾಗೇ ಬಂದು ಹೇಳ್ತಿದ್ದೀಯಾ?"

"ಹೂಂ."

"ಹಂಗಾದ್ರೆ ಇದನ್ನ ತೋರ್ಸಿ ಮುಚ್ಚಿಡ್ತಿರೋ ಇನ್ನೊಂದು ಎಲ್ಲಿ ಬಿದ್ದಿದೆ, ಬೊಗಳು," ಎಂದು ಅವನು ಕುದುರೆಗೆ ಜೀನು ಬಿಗಿಯಲು ಎದ್ದ.