ಓದದೆ ಹಾಕಿದ ಸಹಿ

ಮಾಳವ್ವ ಪಂಚಾಯಿತಿ ಕಚೇರಿಗೆ ಬಂದಾಗ ಹನ್ನೊಂದು ಗಂಟೆಯಾಗಿತ್ತು. ಒಳಗೆ ಬರಲಿಲ್ಲ. ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು ನಿಂತಳು. ಮಗ ಹುಲಿಗೇಶನಿಗೆ ಗಲ್ಲು ಶಿಕ್ಷೆಯಾಗಿ ಏಳು ವರ್ಷ. ಅಂದಿನಿಂದ ಅವಳು ತಾನಾಗಿ ಯಾರ ಹೊಸ್ತಿಲನ್ನೂ ದಾಟಿದವಳಲ್ಲ. ನಳದಲ್ಲಿ ನೀರು ಬಿಟ್ಟ ದಿನವೂ ಎಲ್ಲರ ಕೊಡ ತುಂಬಿದ ಮೇಲೆಯೇ ಬರುತ್ತಿದ್ದಳು.

"ಒಳಗ ಬಾ ಯಕ್ಕಾ, ಕುಂಡ್ರು" ಎಂದಳು ಅಧ್ಯಕ್ಷೆ ಮಂಜವ್ವ.

"ಕುಂಡ್ರಾಕ ಬಂದಿಲ್ಲ ಯವ್ವಾ. ನಾನು ಹುಲಿಗ್ಯಾನ ಹಡದವ್ವ ಅಂತ ಒಂದು ಕಾಗದ ಬರದ ಕೊಡು. ಬೆಳಗಾವಿ ಜೇಲಿನ್ಯಾಗ ಕೇಳ್ತಾರಂತ. ರಾಷ್ಟ್ರಪತಿಗಳು ಕ್ಷಮಾ ಅರ್ಜಿ ಒಲ್ಲೆ ಅಂದ್ರಂತ. ಇನ್ನ ಎಷ್ಟ ದಿನ ಇರತಾನೋ, ಮಾರಿ ನೋಡ್ಕೊಂಡ ಬರತೀನಿ."

ಕಾರ್ಯದರ್ಶಿ ಲಕ್ಷ್ಮಪ್ಪ ಎದ್ದು, ಹುಲಿಗೇಶನ ವಿವರ ನೋಡಿ ಬರೆಯಲೆಂದು ಕಪಾಟಿನಿಂದ ಒಂದು ಹಳೆಯ ಫೈಲು ತೆಗೆದು ಮೇಜಿನ ಮೇಲೆ ಬಿಚ್ಚಿದ. ಮೇಲಿನ ಹಾಳೆಯಲ್ಲೇ ಮಂಜವ್ವನ ಸಹಿ ಇತ್ತು. ಅವಳು ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಓದಿದಳು.

'ಸದರಿ ಕೈದಿಗೆ ಕ್ಷಮೆ ನೀಡಿದಲ್ಲಿ ಗ್ರಾಮದ ಶಾಂತಿಗೆ ಭಂಗ ಉಂಟಾಗುವುದೆಂದೂ, ಶಿಕ್ಷೆಯನ್ನು ಜಾರಿಗೊಳಿಸಬೇಕೆಂದೂ ಗ್ರಾಮಸ್ಥರ ಒಮ್ಮತದ ಅಭಿಪ್ರಾಯವಿರುತ್ತದೆ.'

ಕೆಳಗೆ ಅವಳ ಹೆಸರು, ಹೆಸರಿನ ಕೆಳಗೆ ಅವಳೇ ಎಳೆದ ಉದ್ದ ಗೆರೆ, ಪಕ್ಕದಲ್ಲಿ ಪಂಚಾಯಿತಿ ಮೊಹರಿನ ದುಂಡನೆಯ ಸಿಕ್ಕಾ.

ತಾರೀಖು ನೋಡಿದೊಡನೆ ಆ ದಿನ ನೆನಪಾಯಿತು. ಒಂದೂವರೆ ವರ್ಷದ ಹಿಂದೆ, ಅಂಗಳದ ತುಂಬ ಮೆಣಸಿನಕಾಯಿ ಒಣಹಾಕಿದ್ದಳು. ಲಕ್ಷ್ಮಪ್ಪ ಬೈಕಿನ ಮೇಲೆ ಕಾಗದದ ಕಟ್ಟು ಹೊತ್ತು ಬಂದಿದ್ದ. ಆಶ್ರಯ ಮನೆಗಳ ಯಾದಿ, ಬೀದಿ ದೀಪದ ಬಿಲ್ಲು, ಏನೇನೋ. "ಇದ್ರಾಗ ಏನೇನ ಐತ್ರಿ?" ಎಂದು ಕೇಳಿದ್ದಳು. "ಅವ್ವಾರ, ನೀವು ಎಲ್ಲಾ ಓದಾಕ ಕುಂತ್ರ ಊರಾಗ ಲೈಟ್ ಹತ್ತಂಗಿಲ್ರಿ" ಎಂದು ಅವನು ನಗಿಸಿದ್ದ. ಅವಳು ಖಾರದ ಕೈಯನ್ನು ಸೆರಗಿಗೆ ಒರೆಸಿಕೊಂಡು, ತೋರಿಸಿದಲ್ಲೆಲ್ಲ ಸಹಿ ಹಾಕಿದ್ದಳು. ಬೇರೆ ಊರುಗಳಲ್ಲಿ ಅಧ್ಯಕ್ಷೆಯರ ಗಂಡಂದಿರೇ ಸಹಿ ಹಾಕುತ್ತಾರೆ. ತಾನು ಹಾಗಲ್ಲ, ಏಳನೆಯ ಇಯತ್ತೆ ಓದಿದವಳು, ತನ್ನ ಸಹಿ ತನ್ನದೇ ಎಂಬ ಹೆಮ್ಮೆ ಅವಳಿಗೆ. ಗಂಡ ಅಂದಪ್ಪ ಅಡರಕಟ್ಟಿಯ ಬೀಗರ ಮುಂದೆ ಇದನ್ನು ಎಷ್ಟು ಸಲ ಹೇಳಿಕೊಂಡಿದ್ದನೋ.

"ಯಾವ ಗ್ರಾಮಸಭಾದಾಗ ಕೇಳಿದ್ರಿ ಇದನ್ನ?" ಎಂದಳು ಸಣ್ಣ ದನಿಯಲ್ಲಿ.

ಲಕ್ಷ್ಮಪ್ಪ ಹೊಸ್ತಿಲ ಕಡೆಗೊಮ್ಮೆ ನೋಡಿ ದನಿ ಇಳಿಸಿದ. "ಮ್ಯಾಲಿಂದ ಅಭಿಪ್ರಾಯ ಕೇಳಿದ್ರು, ಜಲ್ದಿ ಕಳಸಬೇಕಿತ್ತು. ನಮ್ದು ಅಭಿಪ್ರಾಯ ಅಷ್ಟರಿ ಅವ್ವಾರ. ಮಂತ್ರಿಗಳದಾರ, ರಾಜ್ಯಪಾಲರದಾರ, ರಾಷ್ಟ್ರಪತಿಗಳದಾರ. ನಾವೇನ ಹಗ್ಗಾ ಹಿಡದೇವೇನ್ರಿ?"

"ಅವರೂ ಹಂಗ ಅಂತಿರಬೇಕು. ಊರವ್ರ ಹೇಳ್ಯಾರ, ನಾವೇನ ಮಾಡೂಣು ಅಂತ."

ಮಾಳವ್ವನ ಕಾಗದಕ್ಕೆ ಸಹಿ ಹಾಕುವಾಗ ಪೆನ್ನು ಎರಡು ಸಲ ನಿಂತಿತು. ಮಾಳವ್ವ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ಹೋದಳು.

ಬಿಸಿಲು ಇಳಿಯುವ ಹೊತ್ತಿಗೆ ಮಂಜವ್ವ ಮತ್ತೆ ಪಂಚಾಯಿತಿಗೆ ಹೋಗಿ, ಲೆಟರ್‌ಹೆಡ್ಡಿನ ಎರಡು ಹಾಳೆಯನ್ನೂ ಸಿಕ್ಕಾವನ್ನೂ ಕೇಳಿದಳು.

"ಸಭಾದ ಠರಾವಿಲ್ಲದ ಅದ್ರಾಗ ಬರಿಯಾಕ ಬರಂಗಿಲ್ರಿ" ಎಂದ ಲಕ್ಷ್ಮಪ್ಪ.

"ಅವತ್ತೂ ಠರಾವು ಇರಲಿಲ್ಲಲ್ಲರಿ."

"ಮುಂದ ಎಲೆಕ್ಷನ್ ಐತಿ. ಮೂರು ಜೀವ ತಗದವನ ಪರವಾಗಿ ಬರದ್ರ ಊರವ್ರು ನಿಮ್ಮ ಹೆಸರು ಎತ್ತಂಗಿಲ್ಲ."

"ಎತ್ತದಿದ್ರ ಬಿಡ್ಲಿ. ಅವ್ರು ಆರಿಸಿದ್ದು ಓದಾಕ ಬರತೈತಿ ಅಂತ ತಿಳದು."

ಲಕ್ಷ್ಮಪ್ಪ ಕಪಾಟಿನಿಂದ ಹಾಳೆಯನ್ನೂ ಸಿಕ್ಕಾವನ್ನೂ ತೆಗೆದು ಕೊಟ್ಟ. ಜೊತೆಗೆ, ಬೆಳಗಿನ ಪೆನ್ನು ನಡುನಡುವೆ ನಿಲ್ಲುತ್ತಿತ್ತೆಂದು, ತನ್ನ ಜೇಬಿನ ಪೆನ್ನನ್ನೂ ಕೊಟ್ಟ.

ಮಾಳವ್ವನ ಮನೆಗೆ ಹೋಗುವ ದಾರಿಯಲ್ಲೇ ದೇವವ್ವನ ಮನೆ. ಹೊಲದ ಬದುವಿನ ಜಗಳದಲ್ಲಿ ಹುಲಿಗೇಶ ಕೊಡಲಿ ಎತ್ತಿದ್ದು ಇವಳ ಮಗ, ಸೊಸೆ, ಮೊಮ್ಮಗಳ ಮೇಲೆ. ದೇವವ್ವ ಕಟ್ಟೆಯ ಮೇಲೆ ಒಬ್ಬಳೇ ಶೇಂಗಾ ಸುಲಿಯುತ್ತ ಕುಳಿತಿದ್ದಳು.

"ಯಾಕಡೆ ಹೊಂಟಿ ಮಂಜವ್ವಾ?"

"ಮಾಳವ್ವನ ಮನಿಗಿ." ತಡೆದು ಕೇಳಿದಳು, "ಹುಲಿಗೇಶನ್ನ ಏನ ಮಾಡಬೇಕಂತ ನಿನ್ನ ಯಾರರ ಕೇಳಿದ್ರೇನು?"

"ನನ್ನ ಯಾರ ಕೇಳತಾರ?" ದೇವವ್ವ ಬೊಗಸೆಯ ಸಿಪ್ಪೆ ಊದಿದಳು. "ಕೇಳಿದ್ರೂ ಏನ ಹೇಳತಿದ್ನೋ ನನಗ ಗೊತ್ತಿಲ್ಲ. ಒಂದೊಂದು ದಿನ ಒಂದೊಂದು ಅನಸ್ತೈತಿ."

ಒಮ್ಮತವೆಂದು ಬರೆದಿದ್ದ ಮಾತಿನೊಳಗೆ ಈಕೆಯೂ ಇರಲಿಲ್ಲ.

ಮಾಳವ್ವ ನಾಳೆಯ ಪಯಣಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಮಂಜವ್ವ ಒಲೆಯ ಮುಂದೆ ಕುಳಿತು, ಇದ್ದದ್ದನ್ನು ಇದ್ದಂತೆ ಹೇಳಿದಳು. ಹೇಳುವಾಗ ಕಣ್ಣೆತ್ತಲಿಲ್ಲ. ಮಾಳವ್ವನ ಕೈ ರೊಟ್ಟಿಯ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಬಡಿಯತೊಡಗಿತು.

"ನನಗ ಗೊತ್ತೈತಿ ಯವ್ವಾ. ಹ್ವಾದ ವರ್ಷನ ಗದಗಿನ ವಕೀಲರು ಓದಿ ಹೇಳಿದ್ರು."

"ಮತ್ತ ನನ್ನ ಹೊಲಕ್ಕ ಮೆಣಸಿನಕಾಯಿ ಬಿಡಸಾಕ ಬಂದಿ?"

"ಬಂದ್ನಿ. ಕೂಲಿ ಬ್ಯಾಡಾ?"

"ಇವತ್ತ ಕಾಗದಕ್ಕೂ ನನ್ನ ಹಂತೇಕ ಬಂದೆಲ್ಲಾ!"

"ಮತ್ತ್ಯಾರ ಹಂತೇಕ ಹೋಗ್ಲಿ? ಸಿಕ್ಕಾ ನಿನ್ನ ಕಡೆ ಐತಿ."

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಅದಕ್ಕೇ ಮಂಜವ್ವನಿಗೆ ತಡೆಯಲಾಗಲಿಲ್ಲ. ಹೋದ ವರ್ಷ ಹೊಲದಲ್ಲಿ ತನ್ನ ಕಣ್ಣಿಗೆ ಖಾರ ತಾಗಿ ಉರಿದಾಗ, ಓಡಿ ಬಂದು ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಒರೆಸಿದವಳು ಇವಳೇ. ಆಗಲೂ ಇವಳಿಗೆ ಗೊತ್ತಿತ್ತು. ಮಂಜವ್ವ ಮೊಣಕಾಲಿಗೆ ಮುಖವಿಟ್ಟು ಅತ್ತಳು. ಮಾಳವ್ವ ರೊಟ್ಟಿ ತಿರುವಿ ಹಾಕಿ, ಹಿಟ್ಟಿನ ಕೈಯನ್ನೇ ಅವಳ ಬೆನ್ನ ಮೇಲೆ ಇಟ್ಟಳು.

ಆಮೇಲೆ ಮಂಜವ್ವ ಹಾಳೆ ತೆಗೆದಳು. ಒಂದೊಂದು ಸಾಲು ಬರೆದು, ಅದನ್ನು ಗಟ್ಟಿಯಾಗಿ ಓದಿ, ಮಾಳವ್ವ ಹೂಂ ಎಂದ ಮೇಲೆ ಮುಂದಿನದು. ಗ್ರಾಮಸಭೆ ನಡೆದಿರಲಿಲ್ಲ. ನಾನು ಓದದೆ ಸಹಿ ಹಾಕಿದೆ. ತಪ್ಪು ನನ್ನದು. ಈ ಮನುಷ್ಯನನ್ನು ಗಲ್ಲಿಗೆ ಹಾಕಬೇಕೆಂದು ನಾನು ಹೇಳುವುದಿಲ್ಲ.

"ದೇವವ್ವನ ಮನಿಯವ್ರ ಮಾತು ಎಲ್ಲೈತಿ ಇದ್ರಾಗ?" ಎಂದಳು ಮಾಳವ್ವ.

"ಅದನ್ನ ಬರದ್ರ ನಿನ್ನ ಮಗಗ ತ್ರಾಸ ಆಕ್ಕೈತೇನೋ ಅಂತ..."

"ಬರಿ. ಆಕಿ ಮಗಾ, ಸೊಸಿ, ಆ ಕೂಸು. ಕೊಂದಾಂವ ನನ್ನ ಮಗಾನ. ಅವ್ರನ್ನ ಬಿಟ್ಟು ಬರದು ನನ್ನ ಮಗನ್ನ ಉಳಸಬ್ಯಾಡ."

ಮಂಜವ್ವ ಬರೆಯತೊಡಗಿದಳು. ಕೂಸಿನ ಹೆಸರಿಗೆ ಬಂದಾಗ ಪೆನ್ನು ನಿಂತಿತು. ನಾಲ್ಕು ವರ್ಷದ ಆ ಹುಡುಗಿಯ ಹೆಸರು ನೆನಪಾಗಲಿಲ್ಲ.

"ವಿದ್ಯಾಶ್ರೀ" ಎಂದಳು ಮಾಳವ್ವ. "ಬಾಳ ಎತ್ತಿ ಆಡಿಸೇನಿ ಅದನ್ನ."

ಮಂಜವ್ವ ಆ ಹೆಸರನ್ನು ಬರೆದಳು, ಓದಿದಳು. ಮಾಳವ್ವ ಹೂಂ ಎನ್ನಲು ಬಹಳ ಹೊತ್ತು ಹಿಡಿಯಿತು. ಸಹಿ ಹಾಕುವಾಗ ಮಂಜವ್ವ ಈ ಸಲ ಕೆಳಗೆ ಗೆರೆ ಎಳೆಯಲಿಲ್ಲ.

"ಇದರಿಂದ ಉಳೀತಾನೇನ ಮಂಜವ್ವಾ?"

"ನನಗ ಗೊತ್ತಿಲ್ಲ ಯಕ್ಕಾ. ಗದಗಿನ್ಯಾಗ ವಕೀಲರ ಕೈಯಾಗ ಕೊಟ್ಟು ಮುಂದ ಹೋಗೂಣು. ನಾನೂ ಬರತೀನಿ."

ಮಾಳವ್ವ ಅವಳ ಮುಖ ನೋಡಿದಳು. ಮುಚ್ಚಿಟ್ಟಿದ್ದ ಹಿಟ್ಟಿನ ಡಬ್ಬಿಯನ್ನು ಮತ್ತೆ ಎಳೆದುಕೊಂಡು, ಇನ್ನೆರಡು ರೊಟ್ಟಿಗೆ ಹಿಟ್ಟು ತೆಗೆದಳು.