ಹಿಂಬಾಗಿಲ ನಾಲಿಗೆಗಳು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರಿಗೆಲ್ಲ ಗೊತ್ತು. ಕಳೆದ ಫೆಬ್ರವರಿಯಲ್ಲಿ ಅಡುಗೆಮನೆಯ ಜಿಡ್ಡು ನೆಲದಲ್ಲಿ ಕಾಲು ಜಾರಿ, ತಲೆಯ ಹಿಂಭಾಗ ಒಲೆಯ ಅಂಚಿಗೆ ಬಡಿದು ಬಿದ್ದೆ. ಆವತ್ತಿನಿಂದ ಮೂಗು ಸತ್ತಿತು, ಅದರ ಹಿಂದೆಯೇ ನಾಲಿಗೆಯೂ ಹೋಯಿತು. ತುದಿಯಲ್ಲಿದ್ದ ಸಿಟ್ಟು ಮಾತ್ರ ಹಾಗೇ ಉಳಿಯಿತು. ಡಾಕ್ಟರು ಪರೀಕ್ಷೆ ಮಾಡಿ, ರುಚಿ ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಅಷ್ಟು ಹೇಳಲು ಡಾಕ್ಟರೇ ಬೇಕಿತ್ತೇ?

ನಾನು ವರ್ಲೀನ್ ಟಿಸ್ಡೇಲ್. ರೈಲ್ವೆ ಗೇಟಿನ ಪಕ್ಕದ ಊಟದ ಮನೆ ನನ್ನದು, ಇಪ್ಪತ್ತಾರು ವರ್ಷದಿಂದ. ಹನ್ನೊಂದಕ್ಕೆ ಬಾಗಿಲು ತೆಗೆದರೆ ಎರಡಕ್ಕೆಲ್ಲ ಪಾತ್ರೆ ಖಾಲಿ. ಒಂದು ಮಾಂಸ, ಮೂರು ಪಲ್ಯ, ಮೆಕ್ಕೆಜೋಳದ ಬ್ರೆಡ್ಡು, ಸಕ್ಕರೆ ಸುರಿದ ತಣ್ಣನೆಯ ಟೀ. ಪಲ್ಯಗಳ ಸಾಲಿನಲ್ಲಿ ಚೀಸ್ ಹಾಕಿದ ಮ್ಯಾಕರೋನಿಯೂ ಇದೆ. ಅದು ಹೇಗೆ ತರಕಾರಿಯಾಯಿತು ಎಂದು ಕೇಳಿದವರನ್ನು ಇಡೀ ಅಲಬಾಮಾದಲ್ಲಿ ನಾನು ನೋಡಿಲ್ಲ. ಬರುವವರೂ ಅವರೇ, ಕೂರುವ ಕುರ್ಚಿಯೂ ಅದೇ, ತಿನ್ನುವುದೂ ಅದೇ. ನನ್ನಲ್ಲಿ ಅಳತೆಯ ಲೋಟವಿಲ್ಲ, ಬರೆದಿಟ್ಟ ಚೀಟಿಯಿಲ್ಲ. ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟು ನೆಕ್ಕಿ ನೋಡಿದರೆ ಮುಗಿಯಿತು.

ಆ ನಾಲಿಗೆ ಹೋಯಿತೆಂದು ಯಾರಿಗೆ ಹೇಳಲಿ? ಯಾರಿಗೂ ಹೇಳಲಿಲ್ಲ. ಕೈಗೆ ನೆನಪಿದೆ, ಸಾಕು ಎಂದುಕೊಂಡೆ. ತಟ್ಟೆಗಳು ತೊಳೆದಿಟ್ಟ ಹಾಗೆ ಖಾಲಿಯಾಗಿ ಬರುತ್ತಿದ್ದವು. ‘ತುಂಬಾ ಚೆನ್ನಾಗಿತ್ತು ಮಿಸ್ ವರ್ಲೀನ್’ ಎಂದು ಎಲ್ಲರೂ ಹೇಳಿ ಹೋಗುತ್ತಿದ್ದರು. ನಾನು ಜಂಬದಿಂದ ಬೀಗುತ್ತಿದ್ದೆ.

ಒಂದು ವಿಷಯ ಮಾತ್ರ ಕಣ್ಣಿಗೆ ಬಿತ್ತು. ಮೇಜಿನ ಮೇಲೆ ಹಸಿಮೆಣಸು ಮುಳುಗಿಸಿದ ವಿನೆಗರ್ ಬಾಟಲಿ ಇಡುತ್ತೇವೆ, ಸೊಪ್ಪಿನ ಮೇಲೆ ಚಿಮುಕಿಸಿಕೊಳ್ಳಲು. ತಿಂಗಳಿಗೊಮ್ಮೆ ತುಂಬಿಸುತ್ತಿದ್ದ ಆ ಬಾಟಲಿಗಳು ಈಗ ಎರಡೇ ದಿನಕ್ಕೆ ಬರಿದು. ಬಡಿಸುವ ಡೋರೆತಾಳನ್ನು ಕೇಳಿದೆ, “ಏನೇ, ಕುಡೀತಾರೇನೇ ಇದನ್ನ?”

“ಬೇಸಿಗೆ ಬರ್ತಿದೆ ಅಲ್ವಾ ಅಕ್ಕಾ, ಖಾರ ಕೇಳ್ತಾರೆ,” ಎಂದು ಆಕೆ ಟ್ರೇ ಎತ್ತಿಕೊಂಡು ಓಡಿದಳು.

ನಮ್ಮಲ್ಲಿ ಹಾಗೇ. ಮಾಡಿದವಳ ಎದುರು ಅಡುಗೆಯನ್ನು ದೂರುವುದಿಲ್ಲ. ಬಾಯಿ ಸುಟ್ಟರೂ ನುಂಗಿ, ದೇವರು ನಿನ್ನ ಕೈಗಳನ್ನು ಹರಸಲಿ ಎನ್ನುತ್ತೇವೆ. ನಾನೂ ಎಷ್ಟೋ ಕಡೆ ಅಂದಿದ್ದೇನೆ.

ಮೇ ತಿಂಗಳ ಒಂದು ಮಂಗಳವಾರ ಅಡುಗೆಮನೆಯ ಬಾಗಿಲಲ್ಲಿ ಮಿಸ್ಟರ್ ಕ್ರೆನ್ಷಾ ಬಂದು ನಿಂತರು. ನಿವೃತ್ತ ಅಂಚೆಯವರು, ಎಪ್ಪತ್ತನಾಲ್ಕು ವರ್ಷ. ಅಂಗಡಿ ತೆರೆದ ಮೊದಲ ವಾರದಿಂದ ಬರುತ್ತಿದ್ದಾರೆ, ಒಂದು ದಿನಕ್ಕೂ ಒಳ್ಳೆಯ ಮಾತು ಆಡಿದವರಲ್ಲ. ಕುರ್ಚಿ ಅಲ್ಲಾಡುತ್ತದೆ, ಫ್ಯಾನು ಕಿರುಗುಡುತ್ತದೆ, ಇದೇ ಗೊಣಗಾಟ. ಅಡುಗೆಯ ಬಗ್ಗೆ ಮಾತ್ರ ಯಾವತ್ತೂ ಗೊಣಗಿರಲಿಲ್ಲ. ಕೈಯಲ್ಲಿ ಜೋಳದ ಬ್ರೆಡ್ಡಿನ ತುಂಡು ಹಿಡಿದಿದ್ದರು.

“ಮಿಸ್ ವರ್ಲೀನ್, ಇವತ್ತು ಯಾರದಾದ್ರೂ ಹುಟ್ಟುಹಬ್ಬವಾ?”

“ಯಾಕೆ?”

“ಊಟಕ್ಕೆ ಕೇಕ್ ಕೊಟ್ಟಿದೀರಲ್ಲಾ, ಅದಕ್ಕೆ ಕೇಳ್ದೆ.”

ನನ್ನ ಮೈಯೆಲ್ಲ ಉರಿಯಿತು. ಜೋಳದ ಬ್ರೆಡ್ಡಿಗೆ ಸಕ್ಕರೆ ಹಾಕುವವರು ನದಿಯಾಚೆ ಊರಿನವರು. ಹಾಗೆ ಮಾಡುವುದಕ್ಕಿಂತ ನಮ್ಮಮ್ಮ ಒಲೆ ಹಚ್ಚದೇ ಇರುತ್ತಿದ್ದಳು. “ನನ್ನ ಬ್ರೆಡ್ಡಿಗೆ ಸಕ್ಕರೆ ಹಾಕಿದೀನಿ ಅಂತೀರಾ? ಮುದಿ ವಯಸ್ಸಿಗೆ ನಿಮ್ಮ ನಾಲಿಗೆ ಕೆಟ್ಟಿದೆ ಕಣ್ರೀ!” ಎಂದು ಕೂಗಿ, ಅವರ ಕೈಯಿಂದ ತುಂಡನ್ನು ಕಿತ್ತು ಬಾಯಿಗೆ ಹಾಕಿಕೊಂಡೆ. ಅಗಿದೆ. ಮತ್ತೆ ಅಗಿದೆ. ಒದ್ದೆ ಕಾಗದ ಅಗಿದಂತಿತ್ತು, ಸಿಹಿಯೂ ಇಲ್ಲ, ಉಪ್ಪೂ ಇಲ್ಲ. ಹಿಟ್ಟಿನ ಪಕ್ಕದಲ್ಲಿ ಬೆಳಗ್ಗೆ ನಾನು ತೆರೆದಿಟ್ಟ ಡಬ್ಬಿ ಕಣ್ಣಿಗೆ ಬಿತ್ತು. ಅದು ಉಪ್ಪಿನದಲ್ಲ, ಸಕ್ಕರೆಯ ಡಬ್ಬಿ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಗೊಣಗಾಟ ಎಲ್ಲಿ ಹೋಯಿತೋ, ದನಿ ಇಳಿಸಿ ಕೇಳಿದರು, “ನಿಮಗೆ ಗೊತ್ತಾಗ್ತಾ ಇಲ್ಲ, ಅಲ್ವಾ?”

ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತೆ. ಮೂರು ತಿಂಗಳು ಹಿಡಿದಿಟ್ಟಿದ್ದ ಅಳು ಒಮ್ಮೆಲೇ ನುಗ್ಗಿ ಬಂತು. “ಶುಕ್ರವಾರ ಬಾಗಿಲು ಹಾಕ್ತೀನಿ. ರುಚಿ ಗೊತ್ತಾಗದೋಳು ಯಾವ ಮುಖ ಇಟ್ಕೊಂಡು ಜನಕ್ಕೆ ಬಡಿಸಲಿ? ಯಾರಿಗೂ ಹೇಳಬೇಡಿ.”

ಅವರು ಟೋಪಿ ಹಾಕಿಕೊಂಡು ಹೋದರು.

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಹಿಂಬಾಗಿಲು ಬಡಿದ ಸದ್ದು. ನೋಡಿದರೆ ಅವರೇ, ಜೇಬಿನಲ್ಲಿ ಮನೆಯಿಂದ ತಂದ ಚಮಚ.

“ಇಪ್ಪತ್ತಾರು ವರ್ಷದಿಂದ ಮಂಗಳವಾರ, ಗುರುವಾರ ನಿಮ್ಮ ಬಟರ್ ಬೀನ್ಸ್ ಕಾಳು ತಿಂದಿದೀನಿ. ಅದಕ್ಕೆ ಏನು ಹಾಕ್ತೀರೋ ನಂಗೊತ್ತಿಲ್ಲ. ಇದು ಅದಲ್ಲ ಅಂದ್ರೆ ಮಾತ್ರ ಗೊತ್ತಾಗತ್ತೆ. ಮುಚ್ಚಳ ತೆಗೀರಿ.”

ತೆಗೆದೆ. ಚಮಚ ಅದ್ದಿ ಬಾಯಿಗಿಟ್ಟರು. “ಅಲ್ಲ.”

“ಏನು ಅಲ್ಲ?”

“ನಂಗೇನು ಗೊತ್ತು? ಅಲ್ಲ ಅಷ್ಟೇ.”

ಬಿಸಿನೀರು ಸುರಿದು ಉಪ್ಪನ್ನು ಇಳಿಸಿದೆ. “ಅಲ್ಲ.” ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ಇನ್ನೊಂದು ತುಂಡು ಹಾಕಿ ಕುದಿಸಿದೆ. “ಅಲ್ಲ. ಆದ್ರೆ ಪಕ್ಕದ ಬೀದಿಗೆ ಬಂದಿದೀರಿ.” ಕರಿಮೆಣಸು ಹಾಕಿದೆ, ಕೊನೆಗೆ ಒಂದು ಮುದ್ದೆ ಬೆಣ್ಣೆ. ಅವರು ಕಣ್ಣು ಮುಚ್ಚಿ ನುಂಗಿ “ಹೂಂ” ಎಂದರು. ಆ ಒಂದು ಹೂಂಗೆ ಅವರನ್ನು ತಬ್ಬಿಕೊಳ್ಳಬೇಕು ಎನಿಸಿತು. ತಬ್ಬಿಕೊಂಡಿದ್ದರೆ ಅದಕ್ಕೂ ಗೊಣಗುತ್ತಿದ್ದರು.

“ಸೊಪ್ಪನ್ನೂ ನೋಡಿ,” ಎಂದೆ.

“ಸೊಪ್ಪು ದನ ತಿನ್ನತ್ತೆ. ನಾನು ಯಾವತ್ತೂ ಮುಟ್ಟಿಲ್ಲ. ಸಿಸ್ಟರ್ ಐಡೆಲ್ಲಾನ ಕೇಳಿ, ಆಕೆಗೆ ಸೊಪ್ಪಿಲ್ದೆ ಊಟ ಇಳಿಯಲ್ಲ.”

ಅಂದರೆ ಐಡೆಲ್ಲಾಗೆ ಹೇಳಬೇಕು. ಆಕೆ ಸನ್ಯಾಸಿನಿಯಲ್ಲ, ನಮ್ಮ ಚರ್ಚಿನಲ್ಲಿ ಹಿರಿಯ ಹೆಂಗಸರನ್ನೆಲ್ಲ ಸಿಸ್ಟರ್ ಎಂದೇ ಕರೆಯುವುದು. ಐಡೆಲ್ಲಾಗೆ ಹೇಳಿದರೆ ಇಡೀ ಚರ್ಚಿಗೆ ಹೇಳಿದ ಹಾಗೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬಾಗಿಲು ಹಾಕಿ ಹೋದರೆ ಮರ್ಯಾದೆ ಉಳಿಯುತ್ತದೆ, ಒಲೆ ಆರುತ್ತದೆ. ಒಲೆ ಉಳಿಯಬೇಕಾದರೆ ಎಲ್ಲರ ಮುಂದೆ ಬಾಯಿ ಬಿಡಬೇಕು. ನನ್ನಂಥ ಜಂಬದವಳಿಗೆ ಅದಕ್ಕಿಂತ ಕಷ್ಟ ಬೇರೆ ಇಲ್ಲ.

ಶುಕ್ರವಾರ ಕರಿದ ಮೀನಿನ ದಿನ, ಅಂಗಡಿ ತುಂಬಿತ್ತು. ಏಪ್ರನ್ ಬಿಚ್ಚಿ ಕೈಯಲ್ಲಿ ಹಿಡಿದು ನಡುವೆ ನಿಂತೆ. “ನಂಗೆ ಫೆಬ್ರವರಿಯಿಂದ ರುಚಿ ಗೊತ್ತಾಗ್ತಿಲ್ಲ. ನಿಮಗೆಲ್ಲ ಕುರುಡಾಗಿ ಬೇಯಿಸಿ ಹಾಕಿದೀನಿ. ತಪ್ಪಾಯ್ತು,” ಎಂದೆ.

ಎಂಬತ್ತು ದಾಟಿದ ಸಿಸ್ಟರ್ ಐಡೆಲ್ಲಾ ಬಾಯಿ ಒರೆಸಿಕೊಂಡು ಹೇಳಿದಳು, “ಮಗಳೇ, ಏನೋ ಆಗಿದೆ ಅಂತ ನಮಗೆ ಈಸ್ಟರ್‌ಗಿಂತ ಮುಂಚೇನೇ ಗೊತ್ತಿತ್ತು.”

“ಗೊತ್ತಿದ್ದೂ ತಿಂದ್ರಾ?”

“ನಮ್ಮ ಯಜಮಾನ್ರು ತೀರ್ಕೊಂಡಾಗ ಹನ್ನೊಂದು ದಿನ ನಮ್ಮನೆಗೆ ಪಾತ್ರೆ ಹೊತ್ಕೊಂಡು ಬಂದೋಳು ಯಾರು? ನಿನ್ನ ಉಪ್ಪು ತಿಂದೋರು ನಾವು. ಈ ಮೂರು ತಿಂಗಳು ಸ್ವಲ್ಪ ಜಾಸ್ತೀನೇ ತಿಂದ್ವಿ.”

ಇಡೀ ಅಂಗಡಿ ಘೊಳ್ಳೆಂದು ನಕ್ಕಿತು. ನನಗೆ ನಗುವೂ ಬಂತು, ಸಿಟ್ಟೂ ಬಂತು. “ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆಲ್ಲ?”

“ಹೇಳಿದ್ರೆ ನೀನು ಸೌಟಲ್ಲಿ ಹೊಡೀತಿದ್ದೆ ಅಕ್ಕಾ,” ಎಂದಳು ಡೋರೆತಾ. ಅದು ನಿಜವೇ.

ಈಗ ದಿನಾ ಒಂಬತ್ತೂವರೆಗೆ ಹಿಂಬಾಗಿಲಲ್ಲಿ ಸಾಲು. ಸೊಪ್ಪಿಗೆ ಐಡೆಲ್ಲಾ, ಮ್ಯಾಕರೋನಿಗೆ ಪಾದ್ರಿಗಳು, ಜೋಳದ ಬ್ರೆಡ್ಡಿಗೆ ಡೋರೆತಾ. ಯಾರು ಯಾವುದನ್ನು ವರ್ಷಗಟ್ಟಲೆ ತಿಂದಿದ್ದಾರೋ ಆ ಪಾತ್ರೆ ಅವರದು. ನನ್ನ ನಾಲಿಗೆಯಲ್ಲಿದ್ದದ್ದನ್ನು ನನಗೇ ತಿಳಿಯದಂತೆ ಇವರೆಲ್ಲ ಹಂಚಿಕೊಂಡು ಇಟ್ಟುಕೊಂಡಿದ್ದರು. ಒಬ್ಬೊಬ್ಬರು ಚಮಚ ಅದ್ದಿದಾಗಲೂ ದೇವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಅಕ್ಟೋಬರಿನ ಒಂದು ಮಂಗಳವಾರ ಮಿಸ್ಟರ್ ಕ್ರೆನ್ಷಾ ಬೀನ್ಸ್ ನೋಡಿ ಎಂದಿನಂತೆ “ಹೂಂ” ಎಂದರು. ನಾನು ಮುಚ್ಚಳ ಹಿಡಿದೇ ನಿಂತೆ.

“ಬರೀ ಹೂಂ ಅನ್ಬೇಡಿ. ಹೇಗಿದೆ ಅಂತ ಹೇಳಿ. ನಂಗೆ ಮರೆತೋಗ್ತಾ ಇದೆ.”

ಅವರು ತಬ್ಬಿಬ್ಬಾದರು. ಚಮಚವನ್ನು ಒರೆಸಿದರು, ಮತ್ತೆ ಒರೆಸಿದರು. “ನಂಗೆ ಹೇಳೋಕೆ ಬರಲ್ಲ ಮಿಸ್ ವರ್ಲೀನ್. ಕೆಲಸದಲ್ಲಿದ್ದಾಗ ಬೆಳಗ್ಗೆಯಿಂದ ಅಂಚೆ ಚೀಲ ಹೊತ್ತು ಹನ್ನೊಂದು ಮೈಲಿ ನಡೀತಿದ್ದೆ. ಇಲ್ಲಿಗೆ ಬಂದು ಅದನ್ನ ಭುಜದಿಂದ ಇಳಿಸಿ ಕುರ್ಚಿ ಪಕ್ಕ ಇಡ್ತಿದ್ದೆ ನೋಡಿ. ಆ ಚೀಲ ಇಳಿಸಿದ ಹಾಗಿದೆ.”

ಕಣ್ಣು ತುಂಬಿ ಬಂತು. ಇಪ್ಪತ್ತಾರು ವರ್ಷ ಅಂಗೈ ನೆಕ್ಕಿ ನೋಡಿದವಳು ನಾನು. ನನ್ನ ಬೀನ್ಸಿನ ರುಚಿ ಏನೆಂದು ನನಗೆ ತಿಳಿದದ್ದು ಆವತ್ತು.

“ಕುರ್ಚಿ ಮಾತ್ರ ಇನ್ನೂ ಅಲ್ಲಾಡತ್ತೆ,” ಎಂದರು ಅವರು. ನಾನು ಮುಚ್ಚಳ ಮುಚ್ಚಿ, ಮುಂಬಾಗಿಲು ತೆಗೆಯಲು ಹೋದೆ.